ಗ್ಯಾಸು ಅಂತಿದ್ದ ಮೇಸ್ತ್ರಿ

ನಮ್ಮ ಗೋದಾಮಿನ ಹಮಾಲಿ ಮೇಸ್ತ್ರಿಗೆ ಯಾವ ನೋವು ಬಂದರೂ ಅದರ ಹೆಸರು ಗ್ಯಾಸು. ಕ್ವಿಂಟಾಲ್ ಮೂಟೆಯನ್ನು ಹತ್ತಿಯ ದಿಂಬಿನಂತೆ ಬೆನ್ನಿಗೇರಿಸುತ್ತಿದ್ದ. ಇಳಿಸಿದ ಮೇಲೆ ಮಾತ್ರ ಮೂಟೆಗಳ ಮರೆಗೆ ಹೋಗಿ, ತೊಡೆಸಂದಿಯ ಊತವನ್ನು ಅಂಗೈಯಿಂದ ಒಳಕ್ಕೊತ್ತಿ, ಬೆಲ್ಟು ಬಿಗಿದುಕೊಂಡು ನಗುತ್ತಾ ಬರುತ್ತಿದ್ದ. "ಡಾಕ್ಟರಿಗೆ ತೋರಿಸು ಮಾರಾಯ" ಅಂದರೆ, "ಯಾಕೆ, ಅವರಿಗೆ ಗ್ಯಾಸ್ ಆಗಲ್ವಾ?" ಅನ್ನುತ್ತಿದ್ದ. ಸಂಜೆ ನಾವೆಲ್ಲ ನಲ್ಲಿಯಡಿ ಚಡ್ಡಿಯಲ್ಲಿ ಮೈ ತೊಳೆದುಕೊಂಡರೆ, ಅವನು ಬೆವರಿನಲ್ಲೇ ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ಅವನ ತಾಯಿ ಸೊಸೆಯನ್ನು "ಬಂಜೆ" ಎಂದು ಹೀಯಾಳಿಸುವಾಗ, ಬೆಟ್ಟದಂಥ ಆ ಗಂಡಸು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದ. ಒಂದು ಮಧ್ಯಾಹ್ನ ಊತ ಒಳಗೆ ಹೋಗಲಿಲ್ಲ. ವಾಂತಿ ಮಾಡಿಕೊಳ್ಳುತ್ತಿದ್ದವನನ್ನು ನಾನೇ ಆಸ್ಪತ್ರೆಗೆ ಸೇರಿಸಿದೆ. ಹೆಂಡತಿ ಓಡಿ ಬಂದಳು. ಡಾಕ್ಟರು ಪರೀಕ್ಷಿಸಿ, ಮಕ್ಕಳಿಲ್ಲವೆಂದು ಕೇಳಿ ತಿಳಿದು, "ಕರುಳು ಜಾರಿ ಸಿಕ್ಕಿಕೊಂಡಿದೆ, ಈಗಲೇ ಆಪರೇಷನ್ ಆಗಬೇಕು. ಹುಟ್ಟಿನಿಂದ ಎರಡೂ ಬೀಜ ಕೆಳಗೆ ಇಳಿದೇ ಇಲ್ಲ. ಮಕ್ಕಳಾಗದೇ ಇರೋದಕ್ಕೂ ಅದೇ ಕಾರಣ ಇರಬಹುದು. ನಿಮಗೆ ಗೊತ್ತಿರಲಿಲ್ವಾ?" ಎಂದರು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಅವರಿಗೆ ಗೊತ್ತಿತ್ತು ಡಾಕ್ಟ್ರೇ" ಎಂದವಳು ಹೆಂಡತಿ. "ನನಗೂ ಗೊತ್ತಿತ್ತು. ಅವರೇ ಹೇಳಲಿ ಅಂತ ಸುಮ್ಮನಿದ್ದೆ. ಈಗ ಜೀವ ಉಳಿಸಿ." ಜೀವ ಉಳಿಯಿತು. ಮೂರನೆಯ ದಿನ ತಾಯಿ ನೋಡಲು ಬಂದಾಗ, ಹೊಲಿಗೆಯ ನೋವಿನಲ್ಲೂ ಅವನು ಎದ್ದು ಕೂತು, ವಾರ್ಡಿನವರಿಗೆಲ್ಲ ಕೇಳುವಂತೆ ಹೇಳಿದ: "ಅಮ್ಮಾ, ಕೊರತೆ ಇದ್ದಿದ್ದು ನನ್ನಲ್ಲಿ. ಇವಳಿಗೆ ಇನ್ನು ಒಂದು ಮಾತೂ ಅನ್ನಬೇಡ."