ಜರಡಿಯಲ್ಲಿ ಉಳಿದ ಕೈ

ಕೈಪಿಡಿ ಅಕ್ಕ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಅವಳ ಒಳ್ಳೆಯತನದ ಮಾತಾಡಿದರು. ಹಗಲೆಲ್ಲ ಅವಳು ಏನು ಮಾಡುತ್ತಿದ್ದಳು ಎಂದು ಮಾತ್ರ ಯಾರೂ ಹೇಳಲಿಲ್ಲ. ಬಹಳ ಜನಕ್ಕೆ ಗೊತ್ತೂ ಇರಲಿಲ್ಲ. ಅವಳ ಗಂಡ ಬಸ್ಸು ಓಡಿಸುವವನು. ಯಾರಾದರೂ ಕೇಳಿದರೆ, "ನನ್ನವಳು ಕಂಪ್ಯೂಟರಲ್ಲಿ ಜರಡಿ ಹಿಡೀತಾಳೆ. ಮನೇಲಿ ಹಿಡಿ ಅಂದ್ರೆ ಮಾತ್ರ ಕೈನೋವು" ಎನ್ನುತ್ತಿದ್ದ. ತಮಾಷೆಗೆ ಹೇಳಿದರೂ ಅದು ಸುಳ್ಳಲ್ಲ.

ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ, ಮಹಡಿಯ ಮೇಲೆ, ಕಿಟಕಿಯ ಪಕ್ಕದ ಮೂಲೆ ಅವಳದು. ಪಂಪನ್ನು ಬಿಚ್ಚುವುದು ಹೇಗೆ, ಜೋಡಿಸುವುದು ಹೇಗೆ ಎಂದು ತಿಳಿಸುವ ಕೈಪಿಡಿಗಳನ್ನು ಬರೆಯುತ್ತಿದ್ದಳು. ಅದಕ್ಕೇ ಅಲ್ಲಿ ಅವಳು ಕೈಪಿಡಿ ಅಕ್ಕ. ಅಂಥ ಕಡತದೊಳಗೆ ಮಾತಿಗಿಂತ ಗುರುತುಗಳೇ ಹೆಚ್ಚು. ಇದು ತಲೆಬರಹ, ಇದು ದಪ್ಪ ಅಕ್ಷರ, ಇಲ್ಲಿ ಚಿತ್ರ ಬರಲಿ ಎಂದು ಯಂತ್ರಕ್ಕೆ ಹೇಳುವ ಗುರುತುಗಳು. ಅಚ್ಚಾದ ಪುಟದಲ್ಲಿ ಅವು ಕಾಣುವುದಿಲ್ಲ, ಅವುಗಳ ಅಲಂಕಾರ ಮಾತ್ರ ಕಾಣುತ್ತದೆ.

ಅವಳಿಗೆ ಇಷ್ಟವಾದದ್ದು ಆ ಗುರುತು, ಅಲಂಕಾರ ಎರಡನ್ನೂ ಕಳಚುವ ಕೆಲಸ. ಗಂಡ ಜರಡಿ ಎನ್ನುತ್ತಿದ್ದದ್ದು ಇದನ್ನೇ. ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಟೈಪ್ ಮಾಡುವುದು: ಯಾವ ಕಡತ, ಅದು ಏನಾಗಬೇಕು. ಎಂಟರ್ ಒತ್ತಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಬರಿಯ ಮಾತು, ಸಾಲಿನ ಕೆಳಗೆ ಸಾಲು, ಸದ್ದಿಲ್ಲದೆ ಇಳಿದು ಬರುತ್ತಿತ್ತು. ಹೊರಗೆ ಹೋಗಿ ಬಂದವರು ಬಿಗಿ ಬಟ್ಟೆ ಬಿಚ್ಚಿಟ್ಟು ಹಳೆಯದನ್ನು ಉಟ್ಟು ಕೂತ ಹಾಗೆ ಆ ಸಾಲುಗಳು ಅವಳಿಗೆ ಕಾಣುತ್ತಿದ್ದವು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಜರುಗುತ್ತಿರುವಾಗ ಅವಳು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂರುವಳು. ಕೆಳಗಿನ ಮನೆಯಿಂದ ಕೇಳುವ ಜೋಗುಳದಂತೆ ಪಂಪುಗಳ ಗುಂಯ್‌ಗುಡುವಿಕೆ ನೆಲದ ಮೂಲಕ ಪಾದಕ್ಕೆ ಹತ್ತುತ್ತಿತ್ತು.

ಆ ಬರಿಯ ಮಾತು ಬೇಕಾಗಿದ್ದದ್ದು ಕೆಳಗಿನ ಮೇಸ್ತ್ರಿಗೆ. ಹಳೆಯ ಪಂಪುಗಳನ್ನು ನಿದ್ದೆಗಣ್ಣಲ್ಲೂ ಜೋಡಿಸಬಲ್ಲ ಮನುಷ್ಯ. ಈಗ ಅವರ ಕಣ್ಣು ಮಂಜಾಗುತ್ತ ಬಂದು, ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತಿತ್ತು. ಹಳೆಯ ಪಂಪಿಗೆ ತೊಂದರೆಯಿರಲಿಲ್ಲ, ಕೈಗೆ ಎಲ್ಲ ಬಾಯಿಪಾಠ. ಆದರೆ ಹೊಸ ಪಂಪು ಬಂತು. ಮ್ಯಾನೇಜರು ಕೆಟ್ಟವರಲ್ಲ, ಮೆಲ್ಲಗೇ ಹೇಳಿದರು: "ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ಹೊಸದನ್ನ ಜೋಡಿಸಿ ತೋರಿಸಿ, ನಿಮ್ಮ ಮೇಜು ನಿಮಗೇ. ಆಗಲಿಲ್ಲ ಅಂದ್ರೆ ಪೆಟ್ಟಿಗೆಗೆ ಮೊಳೆ ಹೊಡೆಯೋ ಕಡೆ ಕೂತ್ಕೊಳ್ಳಿ."

ಮೇಸ್ತ್ರಿ ಮಹಡಿ ಮೆಟ್ಟಿಲನ್ನು ಕಾಲಲ್ಲಿ ಹುಡುಕುತ್ತ ಹತ್ತಿ ಬಂದು ಫೋನನ್ನು ಅಕ್ಕನ ಮುಂದೆ ಹಿಡಿದರು. ಅದು ಬರಹವನ್ನು ಗಟ್ಟಿಯಾಗಿ ಓದುವ ಫೋನು.

"ಇದಕ್ಕೆ ನಿಮ್ಮ ಪುಸ್ತಕ ಹಾಕಿದ್ರೆ ಬರೀ ಗುರುತು ಓದುತ್ತೆ ಕಣಕ್ಕ. ಗುರುತು ಶುರು, ಗುರುತು ಮುಗೀತು, ಗುರುತು ಶುರು. ನನ್ನ ಹೆಂಡತಿ, ಯಾರ್ರೀ ಇವಳು ನನಗಿಂತ ಜಾಸ್ತಿ ಗೊಣಗ್ತಾಳೆ ಅಂತಿದ್ದಾಳೆ."

ಅಕ್ಕ ನಕ್ಕು, ಕೈಪಿಡಿಯನ್ನು ಜರಡಿ ಹಿಡಿದು, ಬರಿಯ ಮಾತನ್ನು ಅವರ ಫೋನಿಗೆ ಹಾಕಿಕೊಟ್ಟಳು. ಚಿತ್ರಗಳ ಜಾಗ ಖಾಲಿ ಬೀಳುತ್ತದೆಂದು ಗೊತ್ತಿದ್ದರಿಂದ, ಒಂದೊಂದಕ್ಕೂ ನಾಲ್ಕು ಮಾತು ಸೇರಿಸಿದ್ದಳು. ಅದಕ್ಕಾಗಿ ಕೆಳಗಿಳಿದು, ಕಣ್ಣು ಮುಚ್ಚಿ, ಪಂಪನ್ನು ತಾನೇ ತಡವಿ ನೋಡಿದ್ದಳು. ಕತ್ತಲಲ್ಲಿ ಕಬ್ಬಿಣ ತಣ್ಣಗಿತ್ತು. ಬೋಲ್ಟುಗಳು ಬೆರಳಿಗೆ ಒಂದೊಂದಾಗಿ ಸಿಗುತ್ತಿದ್ದವು, ಬಾವಿಯಲ್ಲಿ ಇಳಿಯುವಾಗ ಸಿಗುವ ಕಲ್ಲುಗಳ ಹಾಗೆ. ಆ ದಿನ ಮನೆಗೆ ಹೋಗಿ ಗಂಡನ ಮುಖವನ್ನೂ ಕಣ್ಣು ಮುಚ್ಚಿ ತಡವಿದಳಂತೆ. ಅವನು, "ಎಲ್ಲ ಬೋಲ್ಟೂ ಇದೆಯಾ?" ಎಂದನಂತೆ.

ಮೇಸ್ತ್ರಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಹೊಸ ಪಂಪನ್ನು ಜೋಡಿಸಿದರು. ಎಲ್ಲರೂ ಭೇಷ್ ಎಂದರು. ಮಾರನೆಯ ದಿನ ನೀರು ಹಾಯಿಸಿ ನೋಡಿದರೆ, ಪಂಪಿನ ತಿರುಗುವ ದಂಡದ ಬುಡದಲ್ಲಿ ತೊಟತೊಟ ಸೋರುತ್ತಿತ್ತು.

ಮ್ಯಾನೇಜರು ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟರು. ಆ ಕೈಯಲ್ಲೇ ಎಲ್ಲ ಹೇಳಿದ್ದಾಗಿತ್ತು. ಮೇಸ್ತ್ರಿ ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ತುಂಬತೊಡಗಿದರು.

ಅಕ್ಕ ಸೋರುವ ಜಾಗವನ್ನು ನೋಡಿದಳು. ಹಳೆಯ ಪಂಪಿನಲ್ಲಿ ಅಲ್ಲಿ ಗ್ರೀಸು ಹಚ್ಚಿದ ಹಗ್ಗ ಸುತ್ತುತ್ತಿದ್ದರು. ಬೆರಳಿಂದ ಎಷ್ಟು ಒತ್ತಿ ತುಂಬಿದರೆ ಅಷ್ಟು ಒಳ್ಳೆಯದು. ಹೊಸದರಲ್ಲಿ ಅಲ್ಲಿ ಸೀಲು, ಕನ್ನಡಿಯಂತೆ ನಯವಾದ ಎರಡು ಉಂಗುರ. ಅವುಗಳ ಮುಖಕ್ಕೆ ಬೆರಳ ಜಿಡ್ಡು ತಾಗಬಾರದು. ಅದನ್ನು ಅವಳೇ ಬರೆದಿದ್ದಳಲ್ಲ?

ಮಹಡಿಗೆ ಓಡಿದಳು. ಅಚ್ಚಾದ ಪುಟವನ್ನೂ ಬರಿಯ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಅಚ್ಚಿನಲ್ಲಿ ಆ ಸಾಲಿನ ಪಕ್ಕ ಒಂದು ಪುಟ್ಟ ಕೈಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಮಾತಿಲ್ಲ. ಕಣ್ಣಿದ್ದವರಿಗೆ ಅದೇ ಸಾಕಿತ್ತು. ದೊಡ್ಡ ಚಿತ್ರಗಳಿಗೆಲ್ಲ ಮಾತು ಕೊಟ್ಟವಳು ಆ ಉಗುರಿನಷ್ಟು ಚಿತ್ರವನ್ನು ಚಿತ್ರವೆಂದೇ ಎಣಿಸಿರಲಿಲ್ಲ. ಜರಡಿ ಅದನ್ನು ಹೊಟ್ಟಿನ ಜೊತೆ ಹಿಡಿದಿಟ್ಟು ಎಸೆದಿತ್ತು.

ಅವಳು ಪುಟ ಹಿಡಿದು ಕೆಳಗೆ ಬಂದಳು. "ಸಾರ್, ಸೋರಿದ್ದು ಇವರ ಕಣ್ಣಿಂದ ಅಲ್ಲ. ಮುಟ್ಟಬೇಡಿ ಅನ್ನೋದು ನನ್ನ ಬರಹದಿಂದ ಬಿದ್ದುಹೋಗಿತ್ತು."

"ಇನ್ನೊಂದು ಸಲ ಸೋರಿದ್ರೆ?" ಎಂದರು ಮ್ಯಾನೇಜರು.

"ಆಗ ಅವರ ಪಕ್ಕ ಕೂತು ನಾನೂ ಮೊಳೆ ಹೊಡೀತೀನಿ."

ಮೇಸ್ತ್ರಿ ತಲೆಯೆತ್ತಿದರು. "ಬೇಡ ಸಾರ್. ಅಕ್ಕನ ಕೈಗೆ ಸುತ್ತಿಗೆ ಕೊಟ್ರೆ ಆಸ್ಪತ್ರೆ ಖರ್ಚು ನಿಮ್ಮದೇ." ಮ್ಯಾನೇಜರು ನಕ್ಕುಬಿಟ್ಟರು. ಇನ್ನೊಂದು ಸಲ ಎಂದಾಯಿತು.

ಅವಳು ಚಿತ್ರದ ಜಾಗಕ್ಕೆ ಮಾತು ಬರೆದಳು. ಸೋರಿದ ಪಂಪಿನಿಂದ ತೆಗೆದ ಕೆಟ್ಟ ಸೀಲನ್ನು ಕಾಗದದಲ್ಲಿ ಸುತ್ತಿ, ಪರೀಕ್ಷೆಗೆಂದು ಮೇಸ್ತ್ರಿಯ ಮುಂದಿಟ್ಟು ಫೋನಿಗೆ ಓದಲು ಬಿಟ್ಟಳು. "ಉಂಗುರವನ್ನು ಕಾಗದದಿಂದ ಹೊರತೆಗೆಯಿರಿ," ಎಂದಿತು ಫೋನು. ಮೇಸ್ತ್ರಿ ತೆಗೆದರು. "ಅದರ ನಯವಾದ ಮುಖವನ್ನು ಮುಟ್ಟಬೇಡಿ," ಎಂದಿತು. ಅವರ ಹೆಬ್ಬೆರಳು ಅಲ್ಲೇ ಕೂತಿತ್ತು.

"ಮುಟ್ಟಿ ಆದಮೇಲೆ ಮುಟ್ಟಬೇಡ ಅಂದ್ರೆ ಹೆಂಗಕ್ಕ? ಊಟ ಆದಮೇಲೆ ಉಪವಾಸ ಅಂದಂಗಾಯ್ತು."

ಅಕ್ಕ ಮಹಡಿಗೆ ಹೋಗಿ ಆ ಪುಟವನ್ನು ಮತ್ತೆ ತೆರೆದಳು. ಕಣ್ಣು ಇಡೀ ಪುಟವನ್ನು ಒಟ್ಟಿಗೇ ನೋಡಿಬಿಡುತ್ತದೆ, ಮುಂದಿನದನ್ನೂ ಓರೆಗಣ್ಣಲ್ಲಿ ಕಂಡಿರುತ್ತದೆ. ಕಿವಿಗೆ ಮಾತು ಒಂದರ ಹಿಂದೆ ಒಂದು ಬರುತ್ತದೆ, ಕಿರಿದಾದ ಓಣಿಯಲ್ಲಿ ಬರುವ ಜನರ ಹಾಗೆ. ಮೊದಲು ಬರಬೇಕಾದವರು ಮೊದಲೇ ಬರಬೇಕು. ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಸುವವರೆಗೂ ಕೂತು, ಕೈಪಿಡಿಯ ಸಾಲುಗಳನ್ನೆಲ್ಲ ಆ ಓಣಿಯಲ್ಲಿ ಮತ್ತೆ ನಿಲ್ಲಿಸಿದಳು. ಜರಡಿಯಲ್ಲಿ ಉಳಿದದ್ದನ್ನೂ ಒಂದೊಂದಾಗಿ ಆರಿಸಿ ನೋಡಿದಳು.

ಎರಡನೆಯ ಸಲ ಅವರ ಮೇಜಿನ ಪಕ್ಕವೇ ನಿಂತಿದ್ದಳು. ಫೋನು ಹೇಳಿತು: "ಇಲ್ಲಿ ಕೈ ನಿಲ್ಲಲಿ. ಸೋಪು ಹಚ್ಚಿ ಕೈ ತೊಳೆದು, ಒಣಗಿಸಿ. ಮುಂದೆ ಕಾಗದದೊಳಗೆ ಒಂದು ಉಂಗುರವಿದೆ. ಅದರ ಒಂದು ಮುಖ ಕನ್ನಡಿಯಷ್ಟು ನಯ, ಅದನ್ನು ಮುಟ್ಟಬೇಡಿ. ಹೊರ ಅಂಚನ್ನು ಮಾತ್ರ ಹಿಡಿದು ಎತ್ತಿ." ಮೇಸ್ತ್ರಿಯ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಅವರು ಎದ್ದು ನಲ್ಲಿಯ ಕಡೆ ಹೋದರು.

ಮಾರನೆಯ ದಿನ ನೀರು ಹಾಯಿಸಿದರು. ಪಂಪು ಗುಂಯ್ ಎಂದಿತು. ಅಕ್ಕ ಬಗ್ಗಿ, ದಂಡದ ಬುಡದ ಕೆಳಗೆ ಅಂಗೈ ಹಿಡಿದು, ಕಣ್ಣು ಮುಚ್ಚಿ ನಿಂತಳು. ಎಲ್ಲರೂ ಕಾದರು. ಅವಳು ಕೈ ತೆಗೆಯಲೇ ಇಲ್ಲ.

"ಅಕ್ಕ, ನಿದ್ದೆ ಬಂತಾ?" ಎಂದರು ಮೇಸ್ತ್ರಿ.

ಅವಳು ಆ ಅಂಗೈಯನ್ನು ಒಯ್ದು ಅವರ ಅಂಗೈಯಲ್ಲಿಟ್ಟಳು. ಒಣಗಿತ್ತು.

ಮೇಸ್ತ್ರಿ ಇಂದಿಗೂ ಅದೇ ಮೇಜಿನಲ್ಲಿದ್ದಾರೆ. ಈಗ ಬೆಳಕೂ ನೆರಳೂ ತಿಳಿಯುವುದಿಲ್ಲ. ಹೊಸ ಪಂಪೂ ಅವರ ಕೈಗೆ ಬಾಯಿಪಾಠವಾಗಿದೆ, ಫೋನು ಓದಬೇಕಾದ್ದೇನಿಲ್ಲ. ಆದರೂ ಓದಿಸುತ್ತಾರೆ. ಅದು ಅಕ್ಕನ ದನಿಯಲ್ಲ, ಯಾವುದೋ ಯಂತ್ರದ ದನಿ. ಮಾತು ಮಾತ್ರ ಅವಳದು. "ಇಲ್ಲಿ ಕೈ ನಿಲ್ಲಲಿ" ಎಂದಾಗ ಅವರು ಕೈ ನಿಲ್ಲಿಸುತ್ತಾರೆ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಲ್ಲಿಸುತ್ತಾರೆ.