ಅಮರಪ್ಪ ಕಾಕಾನ ಅಮೆರಿಕ

ಮೊನ್ನೆ ಸಂಜೆ ಲಿಂಗಸೂಗೂರಿನ ಬಸ್ ಸ್ಟ್ಯಾಂಡಿನ ಎದುರಿನ ಬಂಡಿಯಲ್ಲಿ ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಎಣ್ಣೆಯ ಪದಾರ್ಥ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರ ಮಾತು ಹೊಟ್ಟೆ ತುಂಬಿದ ಮೇಲೆ ನೆನಪಾಗುವುದು ನನ್ನ ಹಳೆಯ ಚಾಳಿ. ಮಿರ್ಚಿ ಮುಗಿದ ಮೇಲೆ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಯನ್ನು ಬೆಳಕಿಗೆ ಹಿಡಿದು ಓದುವುದು ಇನ್ನೊಂದು ಚಾಳಿ. ಎಣ್ಣೆ ಕುಡಿದ ಆ ಹಾಳೆಯಲ್ಲಿ ಒಂದು ಹಳೆಯ ಸುದ್ದಿಯಿತ್ತು. ಅಮೆರಿಕದ ಹೆಸರಾಂತ ಕಾರು ಕಂಪನಿಯೊಂದು ನಮ್ಮ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸಿ ಹೊರಟುಬಿಟ್ಟಿದೆಯಂತೆ.

ನಗಬೇಡಿ, ನನಗೆ ನಮ್ಮ ಮನೆಯವರೇ ಯಾರೋ ತೀರಿಕೊಂಡಷ್ಟು ಸಂಕಟವಾಯಿತು. ನಾನು ಹುಟ್ಟಿದಾರಭ್ಯ ಆ ಕಂಪನಿಯ ಹೊಸ ಕಾರಿನ ಬಾಗಿಲು ಮುಟ್ಟಿದವನಲ್ಲ. ಆದರೂ ಅದರ ವಂಶಾವಳಿ ನನಗೆ ನಮ್ಮ ಮುತ್ತಜ್ಜನದಕ್ಕಿಂತ ಚೆನ್ನಾಗಿ ಗೊತ್ತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ.

ಇದಕ್ಕೆಲ್ಲ ಕಾರಣ ನನ್ನ ತಂದೆಯ ತಮ್ಮ, ಮಸ್ಕಿಯ ಅಮರಪ್ಪ ಕಾಕಾ. ಸಿಂಧನೂರಿನ ಹತ್ತಿರ ಆಂಧ್ರದಿಂದ ಬಂದವರು ನೆಲೆಸಿದ್ದ ಕ್ಯಾಂಪಿನಲ್ಲಿ ರೈಸ್ ಮಿಲ್ಲು ನಡೆಸುತ್ತಿದ್ದ ಒಬ್ಬ ಧಣಿಯ ಕಡೆ ಅವನು ಡ್ರೈವರನಾಗಿದ್ದ. ಧಣಿ ಹೈದರಾಬಾದಿನಿಂದ ತರಿಸಿದ್ದ ಅದೇ ಕಂಪನಿಯ ಹಳೆಯ ಅಮೆರಿಕನ್ ಕಾರು, ಎಂಬತ್ತರ ದಶಕದ ಆರಂಭಕ್ಕೆ ಅವನಿಗೇ ಬೇಡವಾಯಿತು. ಪೆಟ್ರೋಲು ಕುಡಿಯುವುದರಲ್ಲಿ ಅದು ಬರಗಾಲದ ಎಮ್ಮೆಯಂತಿತ್ತು. ಹನ್ನೆರಡು ವರ್ಷ ಅದನ್ನು ಒರೆಸಿ ತೊಳೆದವನಿಗೇ ಇರಲಿ ಎಂದು ಧಣಿ ಕಾಕಾನಿಗೆ ಕೊಟ್ಟ. ಕಾಕಾ ಅದನ್ನು ಮಸ್ಕಿಗೆ ತಂದು ನಿಲ್ಲಿಸಿದ ದಿನ ನಮ್ಮ ಓಣಿಯಲ್ಲಿ ಎತ್ತಿನ ಬಂಡಿ ಹೋಗಲು ದಾರಿ ಉಳಿಯಲಿಲ್ಲ. ಅಷ್ಟು ಅಗಲ.

ಅಂದಿನಿಂದ ಆ ಕಾರಿನ ಹೆಸರು ಅಮೆರಿಕ. ಕಾಕಾ ಎಲ್ಲಿ ಎಂದು ಕೇಳಿದರೆ ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ ಹನುಮಕ್ಕ, ಅಮೆರಿಕ ತೊಳೆಯಲು ಹಳ್ಳಕ್ಕೆ ಹೋಗಿದ್ದಾನೆ ಎಂದು ಸಹಜವಾಗಿ ಹೇಳುತ್ತಿದ್ದಳು. ಮುದಗಲ್ಲಿನಿಂದ ಬಂದ ಬೀಗರೊಬ್ಬರು ಈ ಮಾತು ಕೇಳಿ, ಬಾಯಿಗೆ ತಂದ ಚಹಾ ಕೆಳಗಿಟ್ಟು ಅವಳ ಮುಖ ನೋಡಿದ್ದು ನನಗೆ ನೆನಪಿದೆ.

ಅದರಲ್ಲಿ ಅಮೆರಿಕ ಎಷ್ಟಿತ್ತು ಎಂದು ನೀವು ಕೇಳಬಹುದು. ನಾನೂ ಕೇಳುತ್ತಿದ್ದೆ, ಕಾಕಾ ಇಲ್ಲದಾಗ. ಇಂಜಿನ್ನು ಕೆಟ್ಟಾಗ ಸಿಂಧನೂರಿನ ಮೇಸ್ತ್ರಿಯೊಬ್ಬ ಡೀಸೆಲ್ ಇಂಜಿನ್ನು ಕೂರಿಸಿಕೊಟ್ಟಿದ್ದ. ಎಡಗಣ್ಣು ಜೀಪಿನದು, ಬಲಗಣ್ಣು ಟ್ರ್ಯಾಕ್ಟರಿನದು. ಹಿಂದಿನ ಸೀಟಿನ ಸ್ಪ್ರಿಂಗು ಸತ್ತ ಮೇಲೆ ಹೊರಸು ಮಂಚಕ್ಕೆ ಹೆಣೆಯುವ ನವಾರಪಟ್ಟಿ ಹೆಣೆದು ಮೇಲೆ ರೆಕ್ಸಿನ್ ಹೊದಿಸಿದ್ದರು. ಉಳಿದದ್ದು ಮೇಲಿನ ತಗಡು, ಮುಂದಿನ ಕಂಪನಿಯ ಫಲಕ ಮತ್ತು ಕಾಕಾನ ಅಭಿಮಾನ. ಈ ಮೂರರಲ್ಲಿ ತುಕ್ಕು ಹಿಡಿಯದೆ ಇದ್ದದ್ದು ಕೊನೆಯದೊಂದೇ.

ಕಾರಿನ ಜೊತೆಗೆ ಧಣಿ ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟಿದ್ದ. ಕಂಪನಿಯ ಚರಿತ್ರೆ. ಆಗ ನಾನು ಲಿಂಗಸೂಗೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿದ್ದೆ, ಅದು ಕಾಕಾನಿಗೆ ಗೊತ್ತಿರಲಿಲ್ಲ. ಅವನು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಪುಸ್ತಕ ಓದಿಸುತ್ತಿದ್ದ. ಅರ್ಥವಾದದ್ದನ್ನು ಹೇಳಿದೆ, ಆಗದದ್ದನ್ನು ಸಂದರ್ಭ ನೋಡಿ ತುಂಬಿದೆ. ಮೂರು ತಾಲೂಕಿನ ಜನ ಅಮೆರಿಕದ ಆ ದೊಡ್ಡ ಕಂಪನಿಯ ಬಗ್ಗೆ ಏನೇನು ನಂಬಿದ್ದರೋ ಅದರಲ್ಲಿ ಅರ್ಧ ಪಾಪ ನನ್ನದು.

ಒಕ್ಕಲುತನದ ಮನೆಯ ಮಗನೊಬ್ಬ ಹೊಲದ ಕೆಲಸಕ್ಕೆ ಬೇಸತ್ತು, ಗಡಿಯಾರ ಬಿಚ್ಚಿ ಜೋಡಿಸುತ್ತ ಜೋಡಿಸುತ್ತ ಕಾರು ಕಟ್ಟಿದ ಎನ್ನುವಲ್ಲಿಂದ ಕಾಕಾನ ಪುರಾಣ ಶುರುವಾಗುತ್ತಿತ್ತು. ಕೇಳುವವರು ಕಾರಿನಲ್ಲಿದ್ದ ಪ್ಯಾಸೆಂಜರುಗಳು. ಮದುವೆಗಳಿಗೆ ಬಾಡಿಗೆ ಹೋಗದ ದಿನಗಳಲ್ಲಿ ಕಾಕಾ ಸಿಂಧನೂರು ಲಿಂಗಸೂಗೂರು ನಡುವೆ ಸೀಟು ಹೊಡೆಯುತ್ತಿದ್ದ. ಹದಿಮೂರು ಜನ ಒಳಗೆ, ದಾರಿಯಲ್ಲಿ ಸಂತೆಕಲ್ಲೂರಿನವರು ಬಂದರೆ ಅವರೂ ಒಳಗೆ. ಆ ಫ್ಯಾಕ್ಟರಿಯಲ್ಲಿ ಕಾರು ಸಾಲಿನಲ್ಲಿ ಸರಿಯುತ್ತ ಹೋಗುತ್ತದೆ, ಕೆಲಸಗಾರ ನಿಂತಲ್ಲೇ ನಿಂತು ತನ್ನ ಪಾಲಿನ ಬೋಲ್ಟು ಬಿಗಿಯುತ್ತಾನೆ ಎಂದು ನಾನು ಓದಿ ಹೇಳಿದ್ದನ್ನು ಅವನು ಹೀಗೆ ತಿಳಿಸಿ ಹೇಳುತ್ತಿದ್ದ:

"ನಮ್ಮ ಪಂಗ್ತಿ ಊಟದಾಗ ಎಲಿ ಕುಂತಿರತೈತಿ, ಬಡಸವ ಅಡ್ಡಾಡ್ತಾನ. ಅಲ್ಲಿ ಎಲಿನ ಅಡ್ಡಾಡತೈತಿ, ಬಡಸವ ನಿಂತಿರ್ತಾನ."

ಇದಕ್ಕಿಂತ ಸರಿಯಾದ ವಿವರಣೆಯನ್ನು ನನಗೆ ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುವಾಗಲೂ ಕೊಡಲಾಗಲಿಲ್ಲ. ಕಂಪನಿ ಕಟ್ಟಿದ ಆ ಮನುಷ್ಯ ತನ್ನ ಆಳುಗಳಿಗೆ ಪಗಾರ ದುಪ್ಪಟ್ಟು ಮಾಡಿದ ಕಥೆಯೂ ಇತ್ತು. ನಾಟಿಗೆ ಹೋಗುವ ಹೆಣ್ಣುಮಕ್ಕಳು ಹಿಂದೆ ಕುಳಿತಿದ್ದು, ಗದ್ದೆಯ ಯಜಮಾನ ಮುಂದೆ ಕುಳಿತಿದ್ದರೆ ಕಾಕಾ ಈ ಕಥೆಯನ್ನು ತಪ್ಪದೆ ಹೇಳುತ್ತಿದ್ದ. ಯಜಮಾನ ಕಿಟಕಿಯ ಹೊರಗೆ ಕಾಲುವೆ ನೋಡುತ್ತಿದ್ದ.

ಬಣ್ಣದ್ದೊಂದು ಪ್ರಕರಣವಾಯಿತು. ಕಂಪನಿಯವರು ಒಂದು ಕಾಲದಲ್ಲಿ ಎಲ್ಲ ಕಾರಿಗೂ ಕರಿಯ ಬಣ್ಣವನ್ನೇ ಹಚ್ಚುತ್ತಿದ್ದರು ಎಂದು ನಾನು ಓದಿದ್ದೇ ತಪ್ಪಾಯಿತು. ಹಸಿರು ಕಾರಿಗೆ ಕಾಕಾ ಕರಿಬಣ್ಣ ಹೊಡೆಸಿಬಿಟ್ಟ. ಮದುಮಗಳನ್ನು ಕೂರಿಸುವ ಗಾಡಿಗೆ ಕರಿಬಣ್ಣವೇ ಎಂದು ಊರ ಹಿರಿಯರು ಗದ್ದಲವೆಬ್ಬಿಸಿದರು. ಕೊನೆಗೆ ತಲೆಯ ಮೇಲಿಷ್ಟು ಅರಿಶಿಣ ಬಣ್ಣ ಬಳಿಯುವುದೆಂದು ಪಂಚಾಯಿತಿಯಾಯಿತು. ಬಳಿದ ಮೇಲೆ ಅದು ನಗರಗಳ ಟ್ಯಾಕ್ಸಿಯ ಹಾಗೆ ಕಾಣಿಸಿತು. ಆ ಕರಿಬಣ್ಣದ ಹಟದಿಂದಲೇ ಕಂಪನಿ ಬೇರೆ ಕಂಪನಿಗಳಿಗಿಂತ ಹಿಂದೆ ಬಿತ್ತು ಎಂದು ಮುಂದಿನ ಪುಟದಲ್ಲಿತ್ತು. ಅದನ್ನು ಪ್ಯಾಸೆಂಜರುಗಳ ಎದುರಿಗೇ ಹೇಳಿದ್ದಕ್ಕೆ ಕಾಕಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹಿರಿಯರ ತಪ್ಪನ್ನು ಮಂದಿಯ ಮುಂದೆ ಆಡಬಾರದಂತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಆಗ ಮದುವೆ ಗಂಡಿನ ಊರಲ್ಲಿ. ಮದುಮಗಳನ್ನು ಕರೆತರುವ ಗಾಡಿಯನ್ನು ಗಂಡಿನ ಕಡೆಯವರೇ ಕಳಿಸಬೇಕು. ಹೆಣ್ಣಿನ ಬಳಗ ಹಿಂದಿನಿಂದ ಲಾರಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬರುತ್ತದೆ. ಹೆಣ್ಣಿನ ತಂದೆಯೂ ಅದರಲ್ಲೇ. ಇಂಥ ಗಾಡಿ ಕಳಿಸಿ ಎಂದು ಹೆಣ್ಣಿನವರು ಬಾಯಿಬಿಟ್ಟು ಕೇಳುವಂತಿಲ್ಲ, ಕೇಳಿದರೆ ಮರ್ಯಾದೆ ಹೋಯಿತು. ಸುತ್ತಲಿನ ಅನುಕೂಲಸ್ಥರು ಅಮೆರಿಕವನ್ನೇ ಕಳಿಸುತ್ತಿದ್ದರು. ಕಾಕಾ ಎಷ್ಟೋ ಮನೆಯ ಮದುಮಗಳನ್ನು ಕರೆತಂದಿದ್ದ. ಅವನದೊಂದು ಶಿಸ್ತು ಇತ್ತು. ಹೆಣ್ಣು ಹತ್ತಿ ಕುಳಿತ ಮೇಲೆ ತವರಿನವರು ಬಾಗಿಲು ಹಿಡಿದು ಅಳುತ್ತ ನಿಂತರೆ ಅವನು ಸೀಟಿನಿಂದ ಇಳಿಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮೂರು ಹಾರ್ನು ಹೊಡೆಯುತ್ತಿದ್ದ. ಮೂರನೆಯದಕ್ಕೆ ಗಾಡಿ ಹೊರಟಿತೆಂದೇ ಅರ್ಥ. ಮುಹೂರ್ತ ಯಾರ ಕಣ್ಣೀರಿಗೂ ಕಾಯುವುದಿಲ್ಲ ಎನ್ನುವುದು ಅವನ ವಾದ.

ಅವನಿಗೊಬ್ಬಳೇ ಮಗಳು, ರೇಣುಕಾ. ಅವಳಷ್ಟು ಅಮೆರಿಕವನ್ನು ಹಳಿದವರು ಇನ್ನೊಬ್ಬರಿಲ್ಲ. ಶಾಲೆಗೆ ಬಿಡುತ್ತೇನೆಂದರೆ ಹತ್ತುತ್ತಿರಲಿಲ್ಲ, ಲಂಗಕ್ಕೆಲ್ಲ ಡೀಸೆಲ್ ವಾಸನೆ ಬರುತ್ತದೆ ಎನ್ನುತ್ತಿದ್ದಳು. ಎಂದಾದರೂ ಹತ್ತಿದ್ದಾಗ ಗೆಳತಿಯರು ಕಂಡರೆ ಸೀಟಿನ ಕೆಳಗೆ ಬಗ್ಗಿ ಕೂರುತ್ತಿದ್ದಳು. ಕಾಕಾ ಮಾತ್ರ ಅವಳು ಫ್ರಾಕು ಹಾಕುವ ಕಾಲದಿಂದ ಒಂದೇ ಮಾತು ಹೇಳುತ್ತಿದ್ದ, ಇದರಾಗ ನಿನ್ನ ಕಳಿಸ್ತೀನಿ ಅಂತ. ಪದ್ಧತಿ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆಸೆ ಪದ್ಧತಿ ಕೇಳಿ ಹುಟ್ಟುತ್ತದೆಯೇ?

ತೊಂಬತ್ತರ ದಶಕದಲ್ಲಿ ರೇಣುಕಾಳನ್ನು ಸಿಂಧನೂರಿಗೆ ಕೊಡುವುದೆಂದು ನಿಶ್ಚಯವಾಯಿತು. ಬೀಗರದು ಗೊಬ್ಬರದ ಅಂಗಡಿ. ಅಷ್ಟು ಹೊತ್ತಿಗೆ ಸಿಂಧನೂರಿನ ತುಂಬ ಸಣ್ಣ ಸಣ್ಣ ಬಿಳಿಯ ಕಾರುಗಳು ಬಂದಿದ್ದವು. ಮದುವೆಗೆ ಅವೇ ಬೇಕು, ಅಮೆರಿಕವನ್ನು ಕೇಳುವವರೇ ಇಲ್ಲ. ಬೀಗರೂ ಬಿಳಿಯದನ್ನೇ ಕಳಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಕಾಕಾ ಮಂಕಾದ. ಮೂರು ತಾಲೂಕಿನ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಮುಟ್ಟಿಸಿದವನು ಸ್ವಂತ ಮಗಳ ಹಿಂದೆ ಲಾರಿಯಲ್ಲಿ ನಿಂತು ಬರಬೇಕಿತ್ತು. ನಾನು ಬೀಗರಿಗೆ ಸೂಕ್ಷ್ಮವಾಗಿ ಹೇಳಿನೋಡಲೇ ಎಂದು ಕೇಳಿದೆ. ಬೇಡವೆಂದ. ಹೆಣ್ಣಿನ ತಂದೆ ತನ್ನ ಗಾಡಿಯನ್ನೇ ಬೀಗರ ತಲೆಗೆ ಕಟ್ಟಿದನೆಂದು ನಾಳೆ ಅವಳು ಮಾತು ಕೇಳಬಾರದು ಎಂದ.

ಮದುವೆಗೆ ಎಂಟು ದಿನವಿದ್ದಾಗ ಬೀಗರ ಕಡೆಯ ಹಿರಿಯರೊಬ್ಬರು ಮಸ್ಕಿಗೆ ಬಂದರು. ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಎದ್ದು ಹೊರಡುವಾಗ ಹೇಳಿದರು:

"ನಮ್ಮ ಹಿರ್ಯಾರೆಲ್ಲ ಕೂಡಿ ಠರಾವ್ ಮಾಡ್ಯಾರ್ರಿ. ಮದುಮಗಳನ್ನ ಕರಕೊಂಡು ಬರಾಕ ಅಮೆರಿಕಾನ ಆಗಬೇಕಂತ. ಹೆಸರಾದ ಕಂಪನಿ ಗಾಡಿ ನೋಡ್ರಿ."

ಕಾಕಾ ಆಗಲಿ ಎಂದಷ್ಟೇ ಹೇಳಿದ. ಅವರು ಓಣಿಯ ತಿರುವು ದಾಟಿದ ಮೇಲೆ ನನ್ನ ರಟ್ಟೆ ಹಿಡಿದ.

"ಕೇಳಿದ್ಯಾ? ಅವರು ಗಾಡಿ ಕೇಳಿಲ್ಲೋ, ಕಂಪನಿ ಕೇಳ್ಯಾರ."

ಮರುದಿನದಿಂದ ಈ ಮಾತು ಪುರಾಣದ ಕೊನೆಯ ಅಧ್ಯಾಯವಾಗಿ ಸೇರಿತು. ರೇಣುಕಾ ಮಾತ್ರ ಮೂಗು ಮುರಿದು, ಮದುವೆ ಸೀರೆಗೂ ಡೀಸೆಲ್ ವಾಸನೆ ತಪ್ಪಲಿಲ್ಲ ಎಂದಳು.

ಮದುವೆಯ ದಿನ ನಡೆದದ್ದನ್ನು ಇಂದಿಗೂ ನಮ್ಮ ಬಳಗದಲ್ಲಿ ಹೇಳಿ ನಗುತ್ತಾರೆ. ಗಾಡಿ ಗಂಡಿನ ಊರಿನಿಂದಲೇ ಬರಬೇಕಲ್ಲ? ಕಾಕಾ ಬೆಳಿಗ್ಗೆ ಎದ್ದು ಖಾಲಿ ಅಮೆರಿಕವನ್ನು ಸಿಂಧನೂರಿಗೆ ಹೊಡೆದುಕೊಂಡು ಹೋದ. ಅಲ್ಲಿ ಬೀಗರ ಹಿರಿಯರನ್ನು ಕೂರಿಸಿಕೊಂಡು, ಬಾನೆಟ್ಟಿಗೆ ಹೂವಿನ ಸರ ಕಟ್ಟಿಸಿಕೊಂಡು, ಗಂಡಿನ ಕಡೆಯವನಾಗಿ ತನ್ನ ಮನೆಯ ಮುಂದೆಯೇ ಬಂದು ನಿಂತ. ನಾನು ಎಲ್ಲರ ಕಾಲಿಗೆ ನೀರು ಕೊಟ್ಟೆ. ಮದುಮಗಳ ಗಾಡಿಯ ಡ್ರೈವರನಿಗೆ ಹೆಣ್ಣಿನ ಮನೆಯವರು ಟವಲ್ಲು, ತೆಂಗಿನಕಾಯಿ ಕೊಡುವ ಪದ್ಧತಿ. ಚಿಗವ್ವ ತನ್ನ ಗಂಡನಿಗೆ ತಾನೇ ಟವಲ್ಲು ಕೊಟ್ಟಳು. ಅವನು ಪರಕೀಯನ ಹಾಗೆ ಗಂಭೀರವಾಗಿ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಹಿರಿಯರು ಹೆಣ್ಣಿನ ತಂದೆಯನ್ನು ಕರೆಯಿರಿ ಎಂದಾಗ ಕಿಟಕಿಯಿಂದ ತಲೆ ಹಾಕಿ ನನಗೆ ಹೇಳಿದ:

"ಇವತ್ತ ನಾ ಗಂಡಿನ ಕಡೆಯಂವ. ಅಪ್ಪನ ಜಾಗದಾಗ ನೀ ನಿಂದ್ರು."

ನಿಂತೆ. ಮಗಳನ್ನು ಕಳಿಸಿಕೊಡುವ ಮಾತನ್ನು ನಾನೇ ಆಡಿದೆ. ರೇಣುಕಾ ಹತ್ತಿ ಕುಳಿತಳು. ಚಿಗವ್ವ ಬಾಗಿಲು ಹಿಡಿದು ಅಳತೊಡಗಿದಳು. ಕಾಕಾ ಮುಂದೆ ನೋಡುತ್ತ ಕುಳಿತಿದ್ದ. ಒಂದು ಹಾರ್ನು ಆಯಿತು. ಹೆಂಗಸರು ಉಡಿ ತುಂಬಿದರು. ಎರಡನೆಯದೂ ಆಯಿತು. ಎಲ್ಲರೂ ಹಿಂದೆ ಸರಿದು ಮೂರನೆಯದಕ್ಕೆ ಕಾದೆವು. ಬರಲಿಲ್ಲ. ಇಂಜಿನ್ನು ಗಡಗಡ ಎನ್ನುತ್ತಿತ್ತು. ಬೀಗರ ಹಿರಿಯರು ಗಡಿಯಾರ ನೋಡಿಕೊಂಡರು. ನಾನು ಕಿಟಕಿಯ ಹತ್ತಿರ ಹೋದೆ. ಕಾಕಾನ ಎರಡು ಕೈಯೂ ತೊಡೆಯ ಮೇಲಿದ್ದವು.

"ಕೈ ಏಳವಲ್ದೋ," ಎಂದ.

ಆಗ ಹಿಂದಿನ ಸೀಟಿನಿಂದ ರೇಣುಕಾ ಎದ್ದು ಬಗ್ಗಿದಳು. ಹಸಿರು ಬಳೆಯ ಕೈಯನ್ನು ಅವನ ಹೆಗಲ ಮೇಲಿಂದ ಚಾಚಿ, ಹೊತ್ತಾಗತೈತಿ ಅಪ್ಪಾ ಎಂದು, ತಾನೇ ಹಾರ್ನು ಒತ್ತಿದಳು. ಅಮೆರಿಕ ಹೊರಟಿತು. ನಾವು ಲಾರಿ ಹತ್ತಿದೆವು.

ಆಮೇಲೆ ಅಮೆರಿಕ ಬಹಳ ವರ್ಷ ಓಡಲಿಲ್ಲ. ತಗಡು ಗುಜರಿಗೆ ಹೋಯಿತು, ಇಂಜಿನ್ನು ಯಾರದೋ ಹೊಲದಲ್ಲಿ ನೀರೆತ್ತುತ್ತಿದೆ ಎಂದು ಕೇಳಿದ್ದೆ. ಕಾಕಾ ಕೊನೆಯವರೆಗೂ ಆ ಕಂಪನಿಯ ಮರ್ಯಾದೆ ದೊಡ್ಡದು ಎನ್ನುತ್ತಿದ್ದ. ಗೊಬ್ಬರದಂಗಡಿಯವರಿಗೂ ಅದರ ಬೆಲೆ ತಿಳಿದಿತ್ತು, ಅದಕ್ಕೇ ನನ್ನ ಮಗಳನ್ನು ನಾನೇ ಕರೆದೊಯ್ದೆ ಎನ್ನುತ್ತಿದ್ದ. ನಾನೂ ಹಾಗೆಯೇ ನಂಬಿದ್ದೆ.

ಅದಕ್ಕೇ ಮೊನ್ನೆ ಆ ಸುದ್ದಿ ಓದಿದವನು ಕೂಡಲೇ ಸಿಂಧನೂರಿಗೆ ರೇಣುಕಾಳಿಗೆ ಫೋನು ಹಚ್ಚಿದೆ. ಅವಳೀಗ ಮೊಮ್ಮಗಳನ್ನು ಆಡಿಸುವ ಅಜ್ಜಿ. ನಿಮ್ಮಪ್ಪನ ಕಂಪನಿ ದೇಶ ಬಿಟ್ಟಿತಂತೆ ಎಂದೆ. ಅವಳು ನಕ್ಕಳು. ಎಂಥ ಕಂಪನಿ, ಅದರ ಹೆಸರಿಗಲ್ಲವೇ ನಿಮ್ಮ ಮಾವನವರು ಬಿಳಿಯ ಕಾರು ಬಿಟ್ಟು ಅಮೆರಿಕ ಕಳಿಸಿದ್ದು ಎಂದು ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಆ ಕಡೆ ಅವಳು ಮೊಮ್ಮಗಳನ್ನು ಆಡಲು ಹೊರಗೆ ಕಳಿಸಿದಳು.

"ಅಣ್ಣಾ, ಅವರು ಬಿಳಿ ಕಾರ ಗೊತ್ತು ಮಾಡಿದ್ರು. ಕುಪ್ಪಸದ ಅಳತಿ ತಗೊಳ್ಳಾಕ ನಮ್ಮ ನಾದಿನಿ ಬಂದಿದ್ದಳಲ್ಲ, ಅಕಿ ಕೈಯಾಗ ನಾನ ಹೇಳಿ ಕಳಿಸಿದ್ದೆ. ಅಮೆರಿಕ ಕಳಸ್ರಿ, ಇಲ್ಲಂದ್ರ ನಾ ಹತ್ತಂಗಿಲ್ಲ ಅಂತ."

ಕಾಕಾನಿಗೆ ಇದು ಗೊತ್ತಿತ್ತೇ ಎಂದು ಕೇಳಿದೆ.

"ಎಲ್ಲಿ ಗೊತ್ತು. ಕಂಪನಿ ಹೆಸರು ಹೇಳ್ರಿ, ನನ್ನ ಹೆಸರು ಹೇಳಬ್ಯಾಡ್ರಿ ಅಂದಿದ್ದೆ."

ಫೋನು ಇಟ್ಟ ಮೇಲೆ ಎಣ್ಣೆಯ ಆ ಹಾಳೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದೆ. ಕಂಪನಿ ಹೋದದ್ದಕ್ಕೆ ಆಗಿದ್ದ ಸಂಕಟ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ತಂಗಿಯ ಮೇಲೆ ಮಾತ್ರ ಹೇಳಲಾರದಷ್ಟು ಪ್ರೀತಿ ಬಂತು. ಕಾಕಾ ಈಗ ಬದುಕಿದ್ದು, ಎದುರಿಗೆ ಕುಳಿತು ಮತ್ತೆ ಕಂಪನಿಯನ್ನು ಹೊಗಳತೊಡಗಿದರೆ ನಾನು ಈ ಮಾತನ್ನು ಅವನಿಗೆ ಹೇಳುತ್ತಿದ್ದೆನೇ ಎಂದು ಯೋಚಿಸಿದೆ. ಹೇಳುತ್ತಿರಲಿಲ್ಲ.