ಕಕ್ಷೆಯೋ, ಕಕ್ಷಿಯೋ

ಆ ದಿನ ನಲ್ಲಿ ನೀರು ಬಂತೆಂದು ಕೊಡ ತುಂಬಿಸಿದೆ, ಹರಿದ ಪರದೆಗೆ ಹೊಲಿಗೆ ಹಾಕಿದೆ, ಗ್ಯಾಸ್ ಬುಕ್ ಮಾಡಿದೆ, ಉಳಿದ ಉತ್ತರಪತ್ರಿಕೆ ತಿದ್ದಿ ಕಾಲೇಜಿಗೆ ಹೋದೆ. ಕೊರೊನಾ ನಂತರ ತರಗತಿಗಳು ಮತ್ತೆ ಶುರುವಾದ ವರ್ಷ. ಸುರಪುರದ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕಿ.

ಒಂದು ಲೆಕ್ಕ ಎಲ್ಲರ ತಲೆ ಕೆಡಿಸಿತ್ತು. ನಾನೂರು ಕಿ.ಮೀ. ಎತ್ತರದಲ್ಲಿ ಸುತ್ತುವ ನೌಕೆಯ ವೇಗ ಸೆಕೆಂಡಿಗೆ 7.67 ಕಿ.ಮೀ. ರಾಕೆಟ್ಟನ್ನು ಎದುರು ದಿಕ್ಕಿಗೆ ಉರಿಸಿ 0.1 ಕಡಿಮೆ ಮಾಡಿದರೆ, ನೂರಿಪ್ಪತ್ತು ಕಿ.ಮೀ.ಗೆ ಇಳಿದಾಗ ವೇಗವೆಷ್ಟು? ಉತ್ತರ 7.9. ಕೆಂಭಾವಿಯಿಂದ ಬರುವ ಭಾಗ್ಯಶ್ರೀ ಸರಿಯಾಗಿಯೇ ಬರೆದು, ತಪ್ಪೆಂದು ತಾನೇ ಹೊಡೆದುಹಾಕಿದ್ದಳು.

“ಬ್ರೇಕ್ ಹೊಡದ್ರ ಜೋರಾಗೂದು ಹೆಂಗ್ರಿ ಮೇಡಂ?”

ಬೀಳುತ್ತಾ ವೇಗ ಕೂಡಿಕೊಳ್ಳುತ್ತದೆ, ದಟ್ಟ ಗಾಳಿ ತಾಗಿದ ಮೇಲೇ ನಿಜವಾದ ತಡೆ ಎಂದೆ.

“ಹಂಗಾದ್ರ ಬ್ರೇಕ್ ಯಾಕ್ರಿ?”

ಇಲ್ಲದಿದ್ದರೆ ಅದು ಸುತ್ತುತ್ತಲೇ ಇರುತ್ತದೆ ಎಂದೆ. ಹೇಳುತ್ತಾ ನನಗೂ ಗೊಂದಲವಾಯಿತು. ಸೂತ್ರ ಒಪ್ಪುತ್ತದೆ, ಮನಸ್ಸು ಒಪ್ಪುವುದಿಲ್ಲ.

ಮರುದಿನ ಮಧ್ಯಾಹ್ನ ಆಕೆಯ ತಾಯಿ ಶರಣಮ್ಮ ಮಗಳ ಕೈ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದರು.

“ಟಿ.ಸಿ. ಕೊಡ್ರಿ ಮೇಡಂ. ಈಕಿ ಕಲ್ತಿದ್ದು ಸಾಕು.”

ಅವರಿಗೂ ಮೈದುನನಿಗೂ ಹೊಲದ ದಾವೆ ನಡೆದಿತ್ತು.

“ನಿನ್ನಿ ರಾತ್ರಿ ಫೋನಿನಾಗ ಏನಂತಾಳ ಕೇಳ್ರಿ. ‘ಕಕ್ಷಿ ಕೆಳಗಿಳಸ್ಬೇಕಂದ್ರ ಮೊದಲ ಬ್ರೇಕ್ ಹೊಡೀಬೇಕು’ ಅಂತಾಳ! ನಮ್ಮ ಮನ್ಯಾಗ ಉಂಡು ನಮಗೇ ಬ್ರೇಕ್!”

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ನಮ್ಮ ಕಡೆಯ ಬಾಯಲ್ಲಿ ಕಕ್ಷೆಯೂ ಕಕ್ಷಿಯೇ. ಕೋರ್ಟು ಅಲೆದ ಕಿವಿಗೆ ಕಕ್ಷಿ ಎಂದರೆ ದಾವೆಯಲ್ಲಿರುವವರು. ಹಾಳೆಯ ಮೇಲೆ ಭೂಮಿ ಬರೆದು ಸುತ್ತ ಗೆರೆ ಎಳೆದೆ.

“ಇದು ನೋಡ್ರಿ ಕಕ್ಷಿ. ನೌಕಿ ತಿರಗೂ ದಾರಿ.”

“ದಾರಿಗೆ ಕಕ್ಷಿ ಅಂತಾರೇನ್ರಿ? ನಮ್ಮ ವಕೀಲರಿಗೆ ಗೊತ್ತದ ಇದು?” ಎಂದವರು ಮಗಳತ್ತ ತಿರುಗಿದರು. “ಫೋನಿನಾಗ ಯಾರಿದ್ರು?”

“ಶೋಭಾ. ಕಾಕಾನ ಮಗಳು,” ಎಂದಳು ಭಾಗ್ಯಶ್ರೀ ತಲೆ ತಗ್ಗಿಸಿ.

ದಾವೆ ನಡೆದಿದ್ದ ಅದೇ ಮೈದುನನ ಮಗಳು; ಇಬ್ಬರೂ ಒಂದೇ ತರಗತಿ. ಮನೆಗಳ ನಡುವೆ ಮಾತಿಲ್ಲ. ಟಿ.ಸಿ. ಖಂಡಿತ ಎಂದುಕೊಂಡೆ. ಶರಣಮ್ಮ ಆ ಹಾಳೆಯನ್ನು ಮಗಳತ್ತ ಸರಿಸಿದರು.

“ಆಕಿಗರ ಲೆಕ್ಕ ಬಂತೇನು?”

“ಇಲ್ಲವ್ವ. ಇಬ್ಬರಿಗೂ ಬಂದಿಲ್ಲ.”

“ಮತ್ತ ಮೇಡಂ ಮುಂದೇ ಕುಂತು ಇಬ್ಬರೂ ಕಲೀರಿ. ಕದ್ದು ಮಾತಾಡಿದ್ರ ನನಗ ಕೋರ್ಟಿನ ಕಕ್ಷಿನೇ ಕೇಳಸ್ತದ.”

ಟಿ.ಸಿ. ಮಾತು ಮತ್ತೆ ಎತ್ತಲಿಲ್ಲ. ಸಂಜೆ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ನನ್ನನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿದರು. ಅಂದಿನಿಂದ ಹೊಸ ಪದ ಬೋರ್ಡಿಗೆ ಹಾಕುವ ಮೊದಲು, ಮನೆಯಲ್ಲಿ ಇದಕ್ಕೆ ಏನರ್ಥ ಎಂದು ಮಕ್ಕಳನ್ನು ಕೇಳುತ್ತೇನೆ.

ರಾತ್ರಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಇಳಿಯುವ ನೌಕೆ ಯಾಕೆ ಜೋರಾಗುತ್ತದೆಂದು ಯಜಮಾನರಿಗೆ ವಿವರಿಸತೊಡಗಿದೆ. ಹೂಂ, ಹೂಂ ಎನ್ನುತ್ತಲೇ ಅವರು ನಾನು ಮುಗಿಸುವ ಮೊದಲೇ ಮಲಗಿಬಿಟ್ಟರು.